ವಾರ್ಸಾದಲ್ಲಿ ಕೆಲಸ, ಮನೆ ದೂರದ ಸಣ್ಣ ಊರಲ್ಲಿ ಮಾಡಿದರೆ ದುಡ್ಡು ಉಳಿಯುತ್ತಾ?

ಸುಂಟಿಕೊಪ್ಪದವ:
ಎಲ್ಲರಿಗೂ ನಮಸ್ಕಾರ. ಪೋಲೆಂಡಿನ ವಾರ್ಸಾದಲ್ಲಿ ಕೆಲಸ ಸಿಕ್ಕಿದೆ. ಸಂಬಳ 7,500 ಝ್ಲೋಟಿ, ಕಡಿತಕ್ಕೆ ಮುಂಚೆ. ಮೊದಲು ನಾನೊಬ್ಬನೇ ಹೋಗುತ್ತೇನೆ. ಕಾಫಿ ಕುಯ್ಲು ಮುಗಿದ ಮೇಲೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಬರುತ್ತಾರೆ. ಮನೆ ಸಾಲಕ್ಕೆ ತಿಂಗಳಿಗೆ 40,000 ರೂಪಾಯಿ ಊರಿಗೆ ಕಳಿಸಲೇಬೇಕು.

ವಾರ್ಸಾದ ಬಾಡಿಗೆ ನೋಡಿ ತಲೆ ತಿರುಗಿತು. ಅಲ್ಲಿಂದ 45 ಕಿಲೋಮೀಟರ್ ಆಸುಪಾಸಿನ ಝಿರಾರ್ದುವ್ ಎಂಬ ಊರಲ್ಲಿ ಎರಡು ರೂಮಿನ ಮನೆ 1,900 ಝ್ಲೋಟಿ ಅಂತ ಜಾಹೀರಾತು ಇದೆ. ರೈಲು ಇದೆಯಂತೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ದಿನಾ ರೈಲಲ್ಲಿ ಹೋಗಿ ಬರುವ ಕಷ್ಟಸುಖ ನನಗೆ ಗೊತ್ತಿಲ್ಲ. ಅಲ್ಲಿರುವವರು, ಇದ್ದು ಬಂದವರು ಯಾರಾದರೂ ಹೇಳಿ. ಸಣ್ಣ ಊರಲ್ಲಿ ನಮ್ಮಂಥವರನ್ನು ಹೇಗೆ ನೋಡುತ್ತಾರೆ ಅನ್ನುವುದೂ ಅಮ್ಮನ ಚಿಂತೆ.

ಪೊನ್ನಂಪೇಟೆಯವ (ಈಗ ಪ್ರುಶ್ಕುವ್):
ಮೊದಲು ಸಂಬಳ. 7,500ರಲ್ಲಿ ಕೈಗೆ ಸಿಗುವುದು ಸುಮಾರು 5,440. ಪಿಪಿಕೆ ಎಂಬ ನಿವೃತ್ತಿ ಉಳಿತಾಯಕ್ಕೆ ಸೇರಿದರೆ ಇನ್ನೂ ಸ್ವಲ್ಪ ಕಡಿಮೆ. ಆ 5,440 ಕೂಡ ಕೆಲಸಕ್ಕೆ ಸೇರಿದ ದಿನವೇ ಕಂಪನಿಗೆ ಪಿಟ್-2 ಎಂಬ ತೆರಿಗೆ ಫಾರಂ ಕೊಟ್ಟರೆ ಮಾತ್ರ. ಕೊಡದಿದ್ದರೆ ತಿಂಗಳಿಗೆ 300 ಝ್ಲೋಟಿ ತೆರಿಗೆ ಜಾಸ್ತಿ ಹಿಡಿಯುತ್ತಾರೆ, ಅದು ಮುಂದಿನ ವರ್ಷ ರಿಟರ್ನ್ ಹಾಕಿದ ಮೇಲೆಯೇ ವಾಪಸ್. ಬೇರೆ ಊರಿಂದ ಕೆಲಸಕ್ಕೆ ಬರುವವರಿಗೆ ಇನ್ನೊಂದು ರಿಯಾಯಿತಿಯೂ ಇದೆ. ತೆರಿಗೆ ಲೆಕ್ಕದಲ್ಲಿ 250ರ ಬದಲು 300 ಝ್ಲೋಟಿ ಖರ್ಚು ಅಂತ ಕಳೆಯುತ್ತಾರೆ. ಉಳಿಯುವುದು 6 ಝ್ಲೋಟಿ. ಹೂಂ, ಆರೇ! ಒಂದು ಬನ್ನು ಬರುತ್ತದೆ, ಬಿಡಬೇಡಿ.

ಇನ್ನು ಬಾಡಿಗೆ. ಆ 1,900ರ ಕೆಳಗೆ "ಚಿನ್ಶ್" ಅಂತ ಇನ್ನೊಂದು ಅಂಕಿ ಇರುತ್ತದೆ, ಹೋಗಿ ನೋಡಿ. ಮೊದಲನೆಯದು ಮಾಲೀಕನಿಗೆ. ಎರಡನೆಯದು ಕಟ್ಟಡದ ಸಂಘಕ್ಕೆ, ಕಸ, ಮೆಟ್ಟಿಲ ದೀಪ, ಎಷ್ಟೋ ಕಡೆ ನೀರು ಮತ್ತು ಬಿಸಿಯ ಮುಂಗಡವೂ ಅದರಲ್ಲೇ. ಅದು 500-600 ಇದ್ದರೆ ಆಶ್ಚರ್ಯ ಪಡಬೇಡಿ. ಕರೆಂಟು, ಇಂಟರ್‌ನೆಟ್ ಮತ್ತೆ ಬೇರೆ. ಹಾಗಾಗಿ 1,900ರ ಮನೆ ಸುಲಭವಾಗಿ 2,700 ದಾಟುತ್ತದೆ.

ಆದರೆ ನಿಮ್ಮ ಲೆಕ್ಕ ತಪ್ಪುವುದು ರೈಲಿನಲ್ಲಿ. ವಾರ್ಸಾ ಸಾರಿಗೆಯಲ್ಲಿ ಎರಡು ವಲಯ. ನಗರ ಒಂದನೇ ವಲಯ. ಪ್ರುಶ್ಕುವ್, ಓಟ್ವೊತ್ಸ್ಕ್, ಲೆಗ್ಯೊನೊವೊ ಥರದ ಹತ್ತಿರದ ಊರುಗಳು ಎರಡನೇ ವಲಯ. ಎರಡೂ ವಲಯದ 30 ದಿನದ ಪಾಸು 2025ರಲ್ಲಿ 180 ಝ್ಲೋಟಿ ಇತ್ತು, ನಗರಕ್ಕೆ ಮಾತ್ರ ಆದರೆ 110. ಮುಖ್ಯ ವಿಷಯ ಏನೆಂದರೆ ಈ ಒಂದೇ ಪಾಸಿನಲ್ಲಿ ಮೆಟ್ರೊ, ಟ್ರಾಮ್, ಬಸ್ಸು, ಜೊತೆಗೆ ಈ ವಲಯಗಳೊಳಗೆ ಓಡುವ ಮಜೋವಿಯಾ ಪ್ರಾಂತ್ಯದ ಲೋಕಲ್ ರೈಲು ಎಲ್ಲದರಲ್ಲೂ ಹೋಗಬಹುದು. ಗ್ರೊಜಿಸ್ಕ್, ಝಿರಾರ್ದುವ್ ಎರಡೂ ಈ ವಲಯದ ಆಚೆ. ಅಲ್ಲಿಂದ ರೈಲಿನ ತಿಂಗಳ ಪಾಸು ಬೇರೆ ತೆಗೆಯಬೇಕು, ಆಫೀಸು ಸ್ಟೇಷನ್ನಿಂದ ನಡೆಯುವಷ್ಟು ಹತ್ತಿರ ಇಲ್ಲದಿದ್ದರೆ ನಗರದ ಪಾಸೂ ಬೇಕು. ಬಾಡಿಗೆಯಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಜೊತೆಗೆ ಒಂದೊಂದು ಕಡೆಗೆ ಮುಕ್ಕಾಲರಿಂದ ಒಂದು ಗಂಟೆ.

ನನ್ನ ಕೇಳಿದರೆ ಊರಿನ ಹೆಸರು ನೋಡಬೇಡಿ, ಮನೆಯಿಂದ ಸ್ಟೇಷನ್ನಿಗೆ ನಡೆದು ಹೋಗಲು ಎಷ್ಟು ನಿಮಿಷ ನೋಡಿ. ಜನವರಿಯಲ್ಲಿ ಹಿಮ ಕರಗಿ ಮತ್ತೆ ಗಟ್ಟಿಯಾದ ಫುಟ್‌ಪಾತ್ ಮೇಲೆ, ಕತ್ತಲೆಯಲ್ಲಿ, ಇಪ್ಪತ್ತೈದು ನಿಮಿಷ ನಡೆಯುವುದು ಬೇಡ. ಪ್ರುಶ್ಕುವ್‌ನಲ್ಲಿ ದೊಡ್ಡ ರೈಲೂ ಇದೆ, 1927ರಿಂದ ಓಡುತ್ತಿರುವ ಡಬ್ಲ್ಯುಕೆಡಿ ಎಂಬ ಸಣ್ಣ ರೈಲೂ ಇದೆ. ಒಂದು ಕೈಕೊಟ್ಟರೆ ಇನ್ನೊಂದು.

ಮಡಿಕೇರಿ ಮಳೆಹುಳ:
ನಾನು ಉಲ್ಟಾ ಹೇಳುತ್ತೇನೆ. ಒಬ್ಬನೇ ಇರುವಷ್ಟು ದಿನ ಇಡೀ ಮನೆ ಯಾಕೆ? ವಾರ್ಸಾದಲ್ಲೇ ನಾಲ್ಕು ಜನರ ಜೊತೆ ಒಂದು ರೂಮು ಹಿಡಿಯಿರಿ. ಸಂಸಾರ ಬರುವ ಮುಂಚೆ ಮನೆ ಹುಡುಕಿದರಾಯಿತು. ಕೂತಲ್ಲಿಂದ ಜಾಹೀರಾತು ನೋಡಿ ಅಡ್ವಾನ್ಸ್ ಕಳಿಸುವುದಂತೂ ಬೇಡವೇ ಬೇಡ, ಫೋಟೊದಲ್ಲಿರುವ ಮನೆ ಇರುವುದೇ ಇಲ್ಲ ಎಷ್ಟೋ ಸಲ.

ಪೊನ್ನಂಪೇಟೆಯವ (ಈಗ ಪ್ರುಶ್ಕುವ್):
ಮಳೆಹುಳ ಹೇಳಿದ್ದು ಸರಿ. ಇನ್ನೊಂದು ಕಾರಣಕ್ಕೂ ಅದೇ ಒಳ್ಳೆಯದು. ಇಲ್ಲಿ ಸುಮಾರು ಮಾಲೀಕರು "ನಾಯೆಮ್ ಒಕಾಜ್ಯೊನಾಲ್ನಿ" ಎಂಬ ಕರಾರು ಕೇಳುತ್ತಾರೆ. ಅದಕ್ಕೆ ನೋಟರಿ ಮುಂದೆ "ಬಿಡು ಅಂದರೆ ಬಿಡುತ್ತೇನೆ" ಅಂತ ಬರೆದು ಕೊಡಬೇಕು. ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೀರಿ ಅಂತ ಇನ್ನೊಂದು ಮನೆಯ ವಿಳಾಸ, ಆ ಮನೆಯವರ ಒಪ್ಪಿಗೆ ಪತ್ರವೂ ಬೇಕು. ನಿನ್ನೆ ಮೊನ್ನೆ ಬಂದವನಿಗೆ ಯಾರು ಕೊಡುತ್ತಾರೆ? ಕೆಲಸದಲ್ಲಿ ನಾಲ್ಕು ಜನರ ಪರಿಚಯ ಆದ ಮೇಲೆ ಇದು ಸಲೀಸು. ಇಲ್ಲದಿದ್ದರೆ ಮಾಮೂಲಿ ಕರಾರಿಗೆ ಒಪ್ಪುವ ಮಾಲೀಕನನ್ನೇ ಹುಡುಕಬೇಕು, ಅವರು ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳಬಹುದು. ವಿಳಾಸ ನೋಂದಣಿಗೆ ಒಪ್ಪುತ್ತೀರಾ ಅಂತ ಮೊದಲೇ ಕೇಳಿಬಿಡಿ. ನೋಂದಣಿ ಆದರೆ ಪೆಸೆಲ್ ಎಂಬ ಗುರುತಿನ ನಂಬರು ಸಿಗುತ್ತದೆ, ಅದಿಲ್ಲದೆ ಇಲ್ಲಿ ಸಣ್ಣಪುಟ್ಟ ಕೆಲಸಕ್ಕೂ ಪರದಾಟ.

ವಿರಾಜಪೇಟೆ ಅಕ್ಕ:
ನಾವು ಓಟ್ವೊತ್ಸ್ಕ್‌ನಲ್ಲಿದ್ದೇವೆ. ಸುತ್ತ ಪೈನ್ ಮರದ ಕಾಡು, ಹಳೆ ಮರದ ಮನೆಗಳು. ಊರು ಬಿಟ್ಟು ಬಂದವರಿಗೆ ಹಿಡಿಸುತ್ತದೆ ತಮ್ಮ. ಅಮ್ಮನಿಗೆ ಹೇಳಿ, ದುರುಗುಟ್ಟಿ ನೋಡುವವರು ಇದ್ದಾರೆ, ಆದರೆ ಮೆಟ್ಟಿಲಲ್ಲಿ ಎದುರಾದಾಗ "ಜೆನ್ ದೊಬ್ರಿ" ಅಂತ ನೀವೇ ಮೊದಲು ಹೇಳಿದರೆ ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ. ರಾತ್ರಿ ಹತ್ತರ ಮೇಲೆ ಗಲಾಟೆ ಮಾತ್ರ ಮಾಡಬಾರದು.

ಊಟದ ಖರ್ಚಿಗೆ ಹೆದರಬೇಡಿ. ಆಲೂಗಡ್ಡೆ, ಎಲೆಕೋಸು, ಬೀಟ್ರೂಟು, ಹಾಲು, ಮೊಟ್ಟೆ ಬಿಯೆದ್ರೊಂಕಾ, ಲಿಡ್ಲ್ ಅಂಗಡಿಗಳಲ್ಲೇ ಆಗುತ್ತದೆ. ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ತಂದಿಡಿ. ಅಕ್ಕಿ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ನೂರು ನೂರು ಗ್ರಾಂ ಕಟ್ಟಿ ಮಾರುತ್ತಾರೆ, ಅದನ್ನು ತೆಗೆದುಕೊಳ್ಳಬೇಡಿ, ನಮ್ಮ ಅನ್ನಕ್ಕೆ ಆಗಲ್ಲ. ವಾರ್ಸಾದ ದಕ್ಷಿಣಕ್ಕೆ ವುಲ್ಕಾ ಕೊಸೊವ್ಸ್ಕಾ ಅಂತ ಏಷ್ಯಾದವರ ಸಗಟು ಮಾರುಕಟ್ಟೆ ಇದೆ, ಅಲ್ಲಿಂದ ಮೂಟೆ ತಂದರೆ ತಿಂಗಳುಗಟ್ಟಲೆ ಯೋಚನೆ ಇಲ್ಲ.

ಹಂದಿ ಮಾಂಸ ತಿನ್ನುವವರಾದರೆ ಇದು ಸ್ವರ್ಗ! ಕರ್ಕುಫ್ಕಾ ಅಂದರೆ ಕತ್ತಿನ ಭಾಗ, ಬೊಚೆಕ್ ಅಂದರೆ ಹೊಟ್ಟೆಯ ಭಾಗ. ಎರಡನ್ನೂ ಅರ್ಧರ್ಧ ಹಾಕಿ, ಬೊಚೆಕ್ ಚರ್ಮ ಇರುವುದನ್ನೇ ಕೇಳಿ, ಹೊಗೆ ಹಾಕಿದ್ದು ಬೇಡ. ಪಂದಿ ಕರಿಗೆ ಬೇಕಾದ ಕೊಬ್ಬು ಸರಿಯಾಗಿ ಬರುತ್ತದೆ. ಕಾಚಂಪುಳಿ ಬಾಟಲಿ, ಕರಿಮೆಣಸು, ಕಾಫಿಪುಡಿ, ಕಡಂಬುಟ್ಟಿಗೆ ಅಕ್ಕಿ ತರಿ ಊರಿಂದಲೇ ತನ್ನಿ. ಕಾಚಂಪುಳಿ ಚೆಕ್-ಇನ್ ಬ್ಯಾಗಿನಲ್ಲಿ, ಎರಡು ಕವರ್ ಸುತ್ತಿ. ತುಪ್ಪ, ಒಣಮಾಂಸ, ಕರಿಬೇವು ತರಬೇಡಿ, ಯುರೋಪ್ ಒಕ್ಕೂಟದೊಳಗೆ ಬಿಡುವುದಿಲ್ಲ.

ಹೆಂಡತಿ, ಮಗಳು ಬಂದ ಕೂಡಲೇ ಅವರನ್ನು ನಿಮ್ಮ ಆರೋಗ್ಯ ವಿಮೆಗೆ ಸೇರಿಸಲು ಕಂಪನಿಗೆ ಹೇಳಿ. ಸಂಬಳದಲ್ಲಿ ಇದಕ್ಕೆ ಬೇರೆ ಕಡಿತ ಇಲ್ಲ. ಮಕ್ಕಳಿಗೆ ತಿಂಗಳಿಗೆ 800 ಝ್ಲೋಟಿ ಸರ್ಕಾರ ಕೊಡುತ್ತದೆ ಅಂತ ಕೇಳಿರುತ್ತೀರಿ. ನಮ್ಮಂಥವರಿಗೆ ಅದು ಬರೀ ವೀಸಾ ಮೇಲೆ ಸಿಗಲ್ಲ, ಕೆಲಸದ ಹಕ್ಕು ನಮೂದಾಗಿರುವ ವಾಸದ ಕಾರ್ಡ್ ಬೇಕು. ಆ ಕಾರ್ಡ್ ಬರಲು ತುಂಬಾ ತಿಂಗಳು ಹಿಡಿಯುತ್ತದೆ. ಮೊದಲ ವರ್ಷದ ಲೆಕ್ಕದಲ್ಲಿ ಆ ದುಡ್ಡನ್ನು ಸೇರಿಸಲೇಬೇಡಿ.

ಸುಂಟಿಕೊಪ್ಪದವ:
ಅಕ್ಕ, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಳೆಹುಳ ಹೇಳಿದ ಹಾಗೆ ಮೊದಲು ರೂಮೇ ಸರಿ ಅನ್ನಿಸುತ್ತಿದೆ. ಸಾಲದ ದುಡ್ಡು ಸುಮಾರು 1,700 ಝ್ಲೋಟಿ ಆಗುತ್ತದೆ, ಅದನ್ನು ತೆಗೆದಿಟ್ಟರೆ ಕೈಯಲ್ಲಿ 3,700. ಮನೆ ಎಲ್ಲಾ ಸೇರಿ 2,700 ಆದರೆ ಮೂರು ಜನಕ್ಕೆ 1,000ದಲ್ಲಿ ಆಗಲ್ಲ, ಅಲ್ವಾ? ಇನ್ನೊಂದು ಪ್ರಶ್ನೆ. ಹಳೆ ಇಟ್ಟಿಗೆ ಕಟ್ಟಡದ ಮನೆಗಳು ಅಗ್ಗ ಕಾಣುತ್ತವೆ. ತೆಗೆದುಕೊಳ್ಳಬಹುದಾ?

ಗೋಣಿಕೊಪ್ಪ ರಿಟರ್ನ್:
1,000ದಲ್ಲಿ ಆಗಲ್ಲ. ಪಾಸಿಗೇ 180 ಹೋದರೆ ಉಳಿಯುವುದು 820, ಮೂರು ಜನರ ಊಟಕ್ಕೇ ಸಾಲದು, ಮಗುವಿನ ಚಳಿ ಬಟ್ಟೆ, ಬೂಟು ಬೇರೆ. ಹೆಂಡತಿಗೆ ಕೆಲಸ ಸಿಗುವ ತನಕ ಸಂಸಾರ ಕರೆಸುವುದು ಅವಸರ ಮಾಡಬೇಡಿ. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಮಾತಾಡಿ ಕಂತು ಇಳಿಸಿಕೊಳ್ಳಿ.

ಹಳೆ ಕಟ್ಟಡಕ್ಕೆ ಹೋಗುವ ಮುಂಚೆ ಬಿಸಿ ಎಲ್ಲಿಂದ ಬರುತ್ತದೆ ಅಂತ ಕೇಳಿ. ಊರಿನ ಬಿಸಿನೀರಿನ ಪೈಪಾದರೆ ನಿಶ್ಚಿಂತೆ, ಮುಂಗಡ ಕಟ್ಟುತ್ತಾ ಹೋಗಿ ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಆಗುತ್ತದೆ. ಗ್ಯಾಸಾದರೆ ಹೋದ ಚಳಿಗಾಲದ ಬಿಲ್ಲು ತೋರಿಸಿ ಅನ್ನಿ. ಬರೀ ಕರೆಂಟ್ ಹೀಟರಾದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಿಟ್ಟು ಬನ್ನಿ. ಕಿಟಕಿ ಮೂಲೆ, ಬೀರು ಹಿಂದೆ, ಬಚ್ಚಲ ಮೇಲ್ಛಾವಣಿ ಬೆರಳಲ್ಲಿ ಸವರಿ ನೋಡಿ. ಜುಲೈನಲ್ಲಿ ನಮ್ಮ ಮನೆ ಗೋಡೆಗೆ ಹಿಡಿಯುವ ಕರಿ ಬೂಷ್ಟೇ ಅಲ್ಲೂ. ಒಳಗೇ ಬಟ್ಟೆ ಒಣಗಿಸಿ, ಚಳಿ ಅಂತ ಕಿಟಕಿ ತೆಗೆಯದೆ ಇದ್ದರೆ ಹೊಸ ಮನೆಗೂ ಬರುತ್ತದೆ. ಬಣ್ಣ ಹೊಸದಾಗಿ ಬಳಿದ ಮೂಲೆ ಕಂಡರೆ ಇನ್ನೂ ಹುಷಾರು.

ಚಳಿಗಾಲದಲ್ಲಿ ಮನೆ ನೋಡುವುದಾದರೆ ಮಧ್ಯಾಹ್ನ ಎರಡರೊಳಗೆ ಹೋಗಿ. ಡಿಸೆಂಬರ್‌ನಲ್ಲಿ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಆಮೇಲೆ ಬಲ್ಬಿನ ಬೆಳಕಲ್ಲಿ ಬೂಷ್ಟು ಕಾಣಲ್ಲ.