‘ಬ್ರೇಕ್ ಫ್ಲೋಟರ್’ ಅಂದರೆ ‘ತೇಲುವ ಬ್ರೇಕ್’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಮಣ್ಣಿನ ಟ್ರ್ಯಾಕಿನ ಕಾರ್ ರೇಸ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ವಾರದಿಂದ ಕಾಡುತ್ತಿದೆ. ಹಿಂದಿನ ಬ್ರೇಕನ್ನು ಕೂರಿಸುವ ಒಂದು ಬಗೆಗೆ ಅಲ್ಲಿ ‘ಬ್ರೇಕ್ ಫ್ಲೋಟರ್’ ಅನ್ನುತ್ತಾರೆ. ‘ತೇಲುವ ಬ್ರೇಕ್’ ಅಂತ ಬರೆದೆ, ಹೊಡೆದುಹಾಕಿದೆ.

ಈ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು, ಅದರ ಸುತ್ತ ಕೊಳವೆ. ಬ್ರೇಕ್ ತುಳಿದಾಗ ಕ್ಯಾಲಿಪರ್ ಅನ್ನುವ ಇಕ್ಕಳ ಚಕ್ರದ ಜೊತೆ ತಿರುಗುವ ಡಿಸ್ಕನ್ನು, ಅಂದರೆ ಬಿಲ್ಲೆಯನ್ನು, ಕಚ್ಚುತ್ತದೆ. ತಿರುಗುತ್ತಿರುವ ಡಿಸ್ಕ್ ಸುಮ್ನೆ ನಿಲ್ಲುವುದಿಲ್ಲ, ಕಚ್ಚಿದ ಕ್ಯಾಲಿಪರನ್ನೂ ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಕ್ಯಾಲಿಪರ್ ಕೊಳವೆಗೇ ಬೆಸೆದುಕೊಂಡಿದ್ದರೆ ಇಡೀ ಕೊಳವೆ ಮುಂದಕ್ಕೆ ಮಗುಚಿಕೊಳ್ಳಲು ಹೊರಡುತ್ತದೆ. ಅದನ್ನು ತಡೆಯುವವು ಎಂಜಿನ್ನಿನ ಎಳೆತ ತಾಳಲು ಹಾಕಿರುವ ಕಂಬಿಗಳೇ. ಈಗ ಅವುಗಳ ಮೇಲೆ ಉಲ್ಟಾ ಬಲ. ಆ ಬಲ ಗಾಡಿಯ ಹಿಂಭಾಗವನ್ನು ಮೇಲೇಳದಂತೆ ಹಿಡಿಯುತ್ತದೆ, ಅದೇ ಹೊತ್ತಿಗೆ ಟೈರಿನ ಮೇಲಿನ ಭಾರವನ್ನು ಕಸಿಯುತ್ತದೆ. ಜಾಸ್ತಿಯಾದರೆ ಚಕ್ರ ಕುಪ್ಪಳಿಸುತ್ತದೆ. ಮಣ್ಣಿನಲ್ಲಿ ಮೊದಲೇ ಹಿಡಿತ ಕಡಿಮೆ, ತಿರುವಿಗೆ ನುಗ್ಗುವಾಗ ಬಾಲ ಜಾರಿಬಿಡುತ್ತದೆ.

ಫ್ಲೋಟರ್ ಹಾಕಿದರೆ ಕತೆ ಬೇರೆ. ಕೊಳವೆಯ ಮೇಲೆ ಬೇರಿಂಗ್ ಇರುವ ಒಂದು ಉಂಗುರ, ಕ್ಯಾಲಿಪರ್ ಅದಕ್ಕೆ ಬಿಗಿದಿರುತ್ತದೆ. ಉಂಗುರದಿಂದ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಬೇರೆಯೇ ಒಂದು ಸರಳು. ಬ್ರೇಕಿನ ತಿರುಚು ಆ ಸರಳಿಗೆ ಹೋಗುತ್ತದೆ, ಕೊಳವೆಯನ್ನು ತಿರುಚುವುದಿಲ್ಲ. ಸರಳನ್ನು ಏರಿಸಿ ಇಳಿಸಿ ಗಾಡಿಯ ಹಿಂಭಾಗ ಎಷ್ಟು ಏಳಬೇಕು ಅಂತ ಹೊಂದಿಸಬಹುದು.

ಓಹಾಯೋದ ಎಲ್ಡೋರಾ ಟ್ರ್ಯಾಕಿನ ಪಿಟ್‌ನಲ್ಲಿ, ಅಂದರೆ ಕಾರುಗಳನ್ನು ಸಜ್ಜು ಮಾಡುವ ಜಾಗದಲ್ಲಿ, ಇದನ್ನು ಕಣ್ಣಾರೆ ನೋಡಿದೆ. ಅದು 1954ರಿಂದ ಇರುವ ಅರ್ಧ ಮೈಲಿಯ ಟ್ರ್ಯಾಕ್. ಜ್ಯಾಕ್ ಮೇಲೆ ಕಾರು ಎತ್ತಿ, ಸರಳು ಕಳಚಿಟ್ಟಿದ್ದರು. ಹುಡುಗನೊಬ್ಬ ಕ್ಯಾಲಿಪರನ್ನು ಒಂದೇ ಕೈಯಲ್ಲಿ ಹಿಡಿದು ಉಂಗುರವನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ. ಕೊಳವೆ ಕದಲಲಿಲ್ಲ. ನನಗೆ ಥಟ್ಟನೆ ನೆನಪಾದದ್ದು ಅಮ್ಮನ ಕೈಬಳೆ. ಬಳೆ ಕೈಯಲ್ಲೇ ಇರುತ್ತದೆ, ಕೈಗೆ ಅಂಟಿರುವುದಿಲ್ಲ.

‘ತೇಲು’ ಅಂದರೆ ನಮಗೆ ನೀರು ಬೇಕು, ಇಲ್ಲಾ ಗಾಳಿ ಬೇಕು. ಇನ್ನೊಂದು ತೊಡಕೂ ಇದೆ. ಮಾಮೂಲಿ ಕಾರುಗಳಲ್ಲಿ ‘ಫ್ಲೋಟಿಂಗ್ ಕ್ಯಾಲಿಪರ್’ ಅಂತ ಇದೆ, ಅದು ಪಿನ್ನಿನ ಮೇಲೆ ಅಡ್ಡಕ್ಕೆ ಸರಿಯುವಂಥದ್ದು. ಲಾರಿಗಳಲ್ಲಿ ‘ಫುಲ್ ಫ್ಲೋಟಿಂಗ್ ಆಕ್ಸಲ್’, ಅಲ್ಲಿ ಗಾಡಿಯ ಭಾರವನ್ನು ಕೊಳವೆ ಹೊರುತ್ತದೆ, ಒಳಗಿನ ಅಚ್ಚಿಗೆ ಬರೀ ತಿರುಗಿಸುವ ಕೆಲಸ. ಮೂರಕ್ಕೂ ‘ತೇಲುವ’ ಅಂದರೆ ಓದುವವರು ಎಲ್ಲಿಗೆ ಹೋಗಬೇಕು? ಮೂರರಲ್ಲೂ ಇಂಗ್ಲಿಷ್ ಪದದ ಹುರುಳು ಒಂದೇ: ಜೊತೆಗಿದ್ದೂ ಕಟ್ಟುಬೀಳದಿರುವುದು. ‘ಸಡಿಲ’ ಅನ್ನೋಣವೆಂದರೆ ಬೋಲ್ಟ್ ಬಿಟ್ಟುಕೊಂಡಂತೆ ಕೇಳುತ್ತದೆ.

ಹಾಗಾಗಿ ಈ ಉಂಗುರಕ್ಕೆ ‘ಬ್ರೇಕ್ ಬಳೆ’, ಕೊಳವೆಗೇ ಕೂರಿಸಿದ್ದಕ್ಕೆ ‘ಬೆಸೆದ ಬ್ರೇಕ್’ ಅಂತ ಇಟ್ಟುಕೊಂಡಿದ್ದೇನೆ. ‘ಕೊಳವೆಗೆ ಬಳೆ ತೊಡಿಸಿದರು’ ಅಂದರೆ ಕಣ್ಣಿಗೆ ಕಟ್ಟುತ್ತದೆ ಅಲ್ವಾ?

ರೇಸಿನವರ ‘ಲೂಸ್’, ‘ಟೈಟ್’ ಕೂಡ ಬಿಟ್ಟೆ. ‘ಬಾಲ ಜಾರುತ್ತದೆ’, ‘ಮೂತಿ ತಿರುಗುವುದಿಲ್ಲ’ ಅಂತ ಬರೆದಿದ್ದೇನೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಹೋಗುವುದಕ್ಕೆ ಎತ್ತಿನ ಗಾಡಿಯ ‘ಮುಂಭಾರ’ ಸಾಕು ಅನ್ನಿಸುತ್ತದೆ. ಗಾಡಿ ಮುಂಭಾರವಾದರೆ ಎತ್ತಿನ ಹೆಗಲ ಮೇಲೆ ನೊಗ ಒತ್ತುತ್ತದೆ, ಇಲ್ಲಿ ಮುಂದಿನ ಟೈರು ಒತ್ತುತ್ತದೆ. ಆದರೆ ಮುಂಭಾರ ಅನ್ನುವುದು ಹೇರಿದ ಭಾರಕ್ಕೆ ಮಾತ್ರವೋ, ಓಡುವಾಗ ಸರಿಯುವ ಭಾರಕ್ಕೂ ಹೇಳುತ್ತಾರೋ? ಗಾಡಿ ಹೊಡೆದವರು, ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ನಿಮ್ಮ ಕಡೆ ಏನನ್ನುತ್ತಾರೆ ಅಂತ ದಯವಿಟ್ಟು ಬರೆಯಿರಿ.