ಬ್ರೇಕ್‌ಪಾಯಿಂಟ್‌ನ ಅರ್ಧ ಫೈಲ್ ಹಾದಿಯನ್ನು ಎಲ್ಲಿಂದ ಓದಬೇಕು?

ಸಾಗರದಿಂದ ಪ್ರಶ್ನೆ: ಅಪ್ಪನ ಅಡಿಕೆ ಡ್ರೈಯರ್‌ಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ, ಕೊಯ್ಲಿಗೆ ಮೊದಲು ಮುಗಿಯಲೇಬೇಕು. ‘ಒಲೆ’, ‘ಪರದೆ’ ಎರಡೂ ಫೋಲ್ಡರ್‌ಗಳಲ್ಲಿ ಮೇನ್.ಸಿ ಇದೆ. ಜಿಡಿಬಿಯಲ್ಲಿ (ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ) ಬ್ರೇಕ್‌ಪಾಯಿಂಟ್‌ಗೆ, ಅಂದರೆ ಪ್ರೋಗ್ರಾಂ ನಿಲ್ಲಬೇಕಾದ ಜಾಗಕ್ಕೆ, ‘ಮೇನ್.ಸಿ:40’ (40ನೇ ಸಾಲು) ಎಂದರೆ ಎರಡರಲ್ಲೂ ನಿಲ್ಲುತ್ತದೆ. ನಾನು ಒಲೆ ಫೋಲ್ಡರ್‌ನಲ್ಲೇ ಇದ್ದೇನಲ್ಲ, ಜಿಡಿಬಿ ಫೈಲಿನ ಹಾದಿಯನ್ನು ಅಲ್ಲಿಂದ ಓದಬೇಡವೇ?

ಉತ್ತರ 1: ಬೇಡ. ಜಿಡಿಬಿ ಹಾದಿಯ ಕೊನೆಯ ಭಾಗವನ್ನು ಹೋಲಿಸುತ್ತದೆ. ‘ಒಲೆ/ಮೇನ್.ಸಿ:40’ ಎಂದು ಕೊಡಿ. ಫೋಲ್ಡರ್‌ನ ಹೆಸರು ಪೂರ್ತಿ ಹೊಂದಬೇಕು. ‘ಹೊಸಒಲೆ’ ಇದ್ದರೆ ಅದು ಸಿಕ್ಕಿಬೀಳುವುದಿಲ್ಲ. ಇದೇ ನ್ಯಾಯವಾದ ಕ್ರಮ: ಕಂಪೈಲ್ ಬೇರೆ ಕಂಪ್ಯೂಟರಿನಲ್ಲಿ ಆಗಿರಬಹುದು, ಡ್ವಾರ್ಫ್ ಮಾಹಿತಿಯಲ್ಲಿ (ತಪ್ಪು ಹುಡುಕಲೆಂದು ಕಂಪೈಲರ್ ಪ್ರೋಗ್ರಾಂ ಜೊತೆ ಇಡುವ ವಿವರ) ಉಳಿಯುವುದು ಅಲ್ಲಿನ ಡೈರೆಕ್ಟರಿ (ಫೋಲ್ಡರ್). ನೀವು ಇಂದು ಎಲ್ಲಿ ಕುಳಿತಿದ್ದೀರಿ ಎಂಬುದು ಅದರಲ್ಲಿಲ್ಲ.

ಉತ್ತರ 2: ಜಿಡಿಬಿಯಲ್ಲಿ ‘ಇನ್ಫೋ ಸೋರ್ಸ್’ ಆಜ್ಞೆ ಕೊಟ್ಟರೆ ಆ ಡೈರೆಕ್ಟರಿ ಕಾಣುತ್ತದೆ.

ಸಾಗರದಿಂದ: ಈಗ ಒಲೆಯಲ್ಲಿ ಮಾತ್ರ ನಿಂತಿತು. ಧನ್ಯವಾದಗಳು, ಅಪ್ಪನಿಗೂ ಹೇಳಿದೆ.