‘ಗಣಪತಿ’ಯನ್ನು ‘ದನಪತಿ’ ಎನ್ನುವ ಮಗು: ತಿದ್ದಬೇಕೆ, ಬಿಡಬೇಕೆ?

ಮುಂಬಯಿಯ ಮುಲುಂಡಿನ ತಾಯಿಯೊಬ್ಬರ ಪ್ರಶ್ನೆ

ನನ್ನ ಮಗಳಿಗೆ ಮೂರು ವರ್ಷ ಎರಡು ತಿಂಗಳು. ಮಾತಿಗೇನೂ ಕೊರತೆಯಿಲ್ಲ. ಆದರೆ ‘ಕ’ ಬರಬೇಕಾದಲ್ಲಿ ‘ತ’ವೂ ‘ಗ’ ಬರಬೇಕಾದಲ್ಲಿ ‘ದ’ವೂ ಬರುತ್ತವೆ, ಕಾಗೆ ‘ತಾದೆ’ಯಾಗುತ್ತದೆ, ಅಕ್ಕ ‘ಅತ್ತ’ ಆಗುತ್ತಾಳೆ. ಮನೆಯವರೆಲ್ಲ ಅದನ್ನೇ ಮತ್ತೆ ಮತ್ತೆ ಹೇಳಿಸಿ, ವಿಡಿಯೋ ಮಾಡಿ ಬಂಧುಗಳಿಗೆ ಕಳಿಸುತ್ತಾರೆ. ನಾನು ತಿದ್ದಹೋದರೆ, ‘ಮಕ್ಕಳು ತೊದಲದೆ ಮುದುಕರು ತೊದಲಬೇಕೇನು’ ಎಂದು ಅತ್ತೆಯವರು ಗದರುತ್ತಾರೆ. ಪ್ಲೇಸ್ಕೂಲಿನ ಟೀಚರ್ ಮಾತ್ರ, ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆದದ್ದರಿಂದಲೇ ಹೀಗಾಗಿದೆ, ಕನ್ನಡವನ್ನು ಬಿಟ್ಟುಬಿಡಿ ಎಂದಿದ್ದಾರೆ. ಮಕ್ಕಳನ್ನು ಬೆಳೆಸಿದವರು ನೀವೇನು ಮಾಡಿದಿರಿ ಎಂದು ತಿಳಿಸುವಿರಾ?

ಡೊಂಬಿವಲಿಯಿಂದ ಒಬ್ಬ ಅಜ್ಜ

ತಂಗೀ, ನಮ್ಮ ಮೊಮ್ಮಗಳದೂ ಇದೇ ಕಥೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಮೂರು ತುಂಬುವ ಹೊತ್ತಿಗೆ ಅವಳ ಬಾಯಲ್ಲಿ ಕಲ್ಯಾಣದ ಲೋಕಲ್ ಗಾಡಿಯು ‘ತಲ್ಲಾಣ ಲೋತಲ್’ ಆಗಿತ್ತು. ಸಂಜೆ ಆರರ ಮೇಲೆ ದಾದರಿನಲ್ಲಿ ಆ ಗಾಡಿ ಹತ್ತುವವರಿಗೆ ತಲ್ಲಣವೆಂಬ ಹೆಸರು ತಪ್ಪೆನಿಸದು. ಆ ವರ್ಷದ ಚೌತಿಯಲ್ಲಿ, ನಮ್ಮ ಸೊಸೈಟಿಯ ಮಂಟಪದಲ್ಲಿ ಆರತಿ ಮುಗಿದು ಎಲ್ಲರೂ ಜೈಕಾರ ಹಾಕಿ ನಿಲ್ಲಿಸಿದ ಮೇಲೆ, ಒಂದು ಕ್ಷಣ ತಡವಾಗಿ, ನನ್ನ ಹೆಗಲ ಮೇಲಿಂದ ಇವಳ ಕೀರಲು ದನಿಯೊಂದೇ ‘ದನಪತಿ ಬಪ್ಪಾ ಮೋಯ್ಯಾ’ ಎಂದು ಎದ್ದಿತು. ಮರಾಠಿ ನೆರೆಯವರು ‘ಕಿತೀ ಗೋಡ್’, ಎಷ್ಟು ಮುದ್ದು, ಎಂದು ಕರಗಿದರು. ದನವೆಂದರೆ ಏನೆಂದು ಬಲ್ಲ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನಂತೂ ಸುಮ್ಮನಿರದೆ, ದನಪತಿ ಎಂದರೆ ಪಶುಪತಿಯಲ್ಲವೇ, ಹುಡುಗಿ ಮಗನನ್ನು ಬಿಟ್ಟು ನೇರವಾಗಿ ಅಪ್ಪನನ್ನೇ ಕರೆದಿದ್ದಾಳೆ ಎಂದು ಸೇರಿಸಿದೆ. ಮಾತು ಚೆನ್ನಾಗಿತ್ತು; ಈಗಲೂ ಚೆನ್ನಾಗಿದೆ ಎಂದೇ ನನ್ನ ಅಭಿಪ್ರಾಯ.

ಆದರೆ ಮುಂದಿನ ನಾಲ್ಕು ದಿನ ಮಂಟಪಕ್ಕೆ ಬಂದವರೆಲ್ಲ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಲ್ಲಿಸಿ, ಮೋದಕ ತೋರಿಸಿ, ಅದನ್ನೇ ಹೇಳಿಸಿದರು. ವಿಸರ್ಜನೆಯ ಬೆಳಿಗ್ಗೆ ನಾನೂ ಮುದ್ದಿನಿಂದ, ‘ದನಪತಿಗೆ ಕೈ ಮುಗಿ, ಬಾ’ ಎಂದೆ. ಅವಳು ಹುಬ್ಬು ಗಂಟಿಕ್ಕಿ, ‘ದನಪತಿ ಅಲ್ಲ ಅಜ್ಜಾ, ದನಪತಿ!’ ಎಂದು ಕಾಲು ನೆಲಕ್ಕೆ ಅಪ್ಪಳಿಸಿದಳು. ಅವಳ ಮಟ್ಟಿಗೆ ಅವಳು ಹೇಳಿದ್ದು ಸರಿಯಾಗಿತ್ತು, ತಪ್ಪಾಗಿ ಹೇಳಿದವನು ನಾನು. ಮರುವರ್ಷದ ಚೌತಿಗೆ ‘ಗ’ ಸ್ಪಷ್ಟವಾಗಿ ಬಂದಿತ್ತು. ಆದರೂ ಜೈಕಾರದ ಹೊತ್ತಿಗೆ ಅವಳು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿದಳೇ ಹೊರತು ತುಟಿ ಬಿಚ್ಚಲಿಲ್ಲ. ರಾತ್ರಿ ಕೇಳಿದ್ದಕ್ಕೆ, ‘ಎಲ್ಲರೂ ನಗುತ್ತಾರೆ’ ಎಂದಳು. ಆ ‘ಎಲ್ಲರ’ಲ್ಲಿ ಮೊದಲನೆಯವನು ನಾನೇ.

ಅವಳ ತಮ್ಮ ಮಾತು ಕಲಿಯುವಾಗ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ಅವನು ‘ತಾದೆ’ ಎಂದರೆ ಯಾರೂ ತಿರುಗಿ ‘ತಾದೆ’ ಎನ್ನಬಾರದು, ‘ಹಾಗಲ್ಲ, ಸರಿಯಾಗಿ ಹೇಳು’ ಎಂದೂ ಅಡ್ಡ ಹಾಕಬಾರದು, ‘ಹೌದಲ್ಲ, ಕಾಗೆ! ಕಾಗೆ ಎಲ್ಲಿ ಕೂತಿದೆ?’ ಎಂದು ಮಾತನ್ನು ಮುಂದಕ್ಕೆ ನಡೆಸಬೇಕು. ನಗು ಬಂದರೆ ಅಡುಗೆಮನೆಗೆ ಹೋಗಿ ನಗಬೇಕು. ನಾನು ಆ ವರ್ಷ ಎಷ್ಟು ಸಲ ನೀರು ಕುಡಿಯಲು ಎದ್ದೆನೋ ಲೆಕ್ಕವಿಲ್ಲ.

ಪುಣೆಯಿಂದ ಒಬ್ಬ ತಂದೆ

ಅಜ್ಜನವರ ಮಾತಿಗೆ ನನ್ನದೊಂದು ಸೇರ್ಪಡೆ. ಮಗನಿಗೆ ಎರಡೂವರೆ ವರ್ಷವಿದ್ದಾಗ ಡೆಕ್ಕನ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ‘ಇಲ್ಲಿ ಬೇಕು, ಇಲ್ಲಿ ಬೇಕು’ ಎಂದು ಅಳಲಾರಂಭಿಸಿದ. ನಾನು ಅವನನ್ನು ಎತ್ತಿ ಕಿಟಕಿಯ ಬಳಿ ಕೂರಿಸಿದೆ, ಅಲ್ಲಿಂದ ಗೋಡೆಯ ಬದಿಗೆ, ಅಲ್ಲಿಂದ ನನ್ನ ತೊಡೆಯ ಮೇಲೆ. ಅಳು ಹೆಚ್ಚಾಯಿತೇ ವಿನಾ ನಿಲ್ಲಲಿಲ್ಲ. ಕೊನೆಗೆ ನೀರಿಡಲು ಬಂದ ಕುಂದಾಪುರದ ಮಾಣಿ, ‘ಇಡ್ಲಿ ಕೇಳುತ್ತಿದ್ದಾನೆ ಸಾರ್’ ಎಂದ. ಮಗು ಪಕ್ಕದ ಮೇಜಿನ ತಟ್ಟೆಯನ್ನೇ ನೋಡುತ್ತಿದ್ದುದನ್ನು ಅವನು ಗಮನಿಸಿದ್ದ, ನಾನು ಗಮನಿಸಿರಲಿಲ್ಲ. ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆಯಾಡಿಸದೆ, ‘ಯಾವುದು, ತೋರಿಸು’ ಎಂದು ಕೇಳುವುದನ್ನು ಅಂದಿನಿಂದ ಕಲಿತೆ. ಇಂದಿಗೂ ನಮ್ಮ ಮನೆಯಲ್ಲಿ ಇಡ್ಲಿಗೆ ‘ಇಲ್ಲಿ’ ಎಂದೇ ಹೆಸರು. ಹತ್ತನೆಯ ತರಗತಿಗೆ ಬಂದಿರುವ ಮಗ ಸ್ನೇಹಿತರ ಎದುರು ಹಾಗೆ ಹೇಳಿದರೆ ಕಣ್ಣು ಕೆಂಪಗೆ ಮಾಡುತ್ತಾನೆ, ಎರಡನೆಯ ಸಲ ಬಡಿಸಿಕೊಳ್ಳುವಾಗ ಮಾತ್ರ ತಾನೇ ಹಾಗೆನ್ನುತ್ತಾನೆ.

ಮಾಟುಂಗಾದಿಂದ ಒಬ್ಬ ಅಜ್ಜಿ

ನಮ್ಮ ಕಾಲದಲ್ಲಿ ಮಾತು ಸ್ಪಷ್ಟವಾಗಲೆಂದು ಬಜೆಯನ್ನು ತೇದು ಜೇನಿನೊಡನೆ ನಾಲಿಗೆಗೆ ಸವರುತ್ತಿದ್ದೆವು. ಇಲ್ಲಿಯವರು ಅದನ್ನೇ ವೇಖಂಡ ಎನ್ನುತ್ತಾರೆ. ನನ್ನ ಇಬ್ಬರು ಮಕ್ಕಳಿಗೂ ಸವರಿದ್ದೇನೆ: ಒಬ್ಬ ಬೇಗ ಸ್ಪಷ್ಟವಾಗಿ ಮಾತಾಡಿದ, ಇನ್ನೊಬ್ಬನಿಗೆ ಆರು ವರ್ಷದವರೆಗೂ ‘ರ’ ಬರಲಿಲ್ಲ. ವರ್ಷ ತುಂಬದ ಕೂಸಿಗೆ ಜೇನು ಅಪಾಯವೆಂದು ವೈದ್ಯರು ಹೇಳಿದ ಮೇಲೆ ಮೊಮ್ಮಕ್ಕಳ ತಂಟೆಗೆ ನಾನು ಹೋಗಲಿಲ್ಲ.

ಗೋವೆಯ ವಾಸ್ಕೋದಿಂದ ಒಬ್ಬ ತಾಯಿ

ಎಲ್ಲರೂ ಮುದ್ದಿನ ಮಾತನ್ನೇ ಬರೆದಿರುವುದರಿಂದ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಮಗ ‘ಸ’ವನ್ನು ನುಂಗಿಬಿಡುತ್ತಿದ್ದ, ದೋಸೆ ‘ದೋಯೆ’, ಸೀಬೆ ‘ಈಬೆ’. ತೊದಲೆಂದುಕೊಂಡು ನಾವು ಮೂರೂವರೆ ವರ್ಷದವರೆಗೂ ಸವಿದೆವು. ಮಳೆಗಾಲದುದ್ದಕ್ಕೂ ನೆಗಡಿ, ಟಿವಿಯ ದನಿಯನ್ನು ಏರಿಸುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ಇವನ್ನೆಲ್ಲ ಹಟವೆಂದು ಬೈದೆವು. ಅಂಗನವಾಡಿಯ ಶಿಕ್ಷಕಿಯೊಬ್ಬರು ಒತ್ತಾಯಿಸಿದ ಮೇಲೆ ಪರೀಕ್ಷೆ ಮಾಡಿಸಿದಾಗ, ಎರಡೂ ಕಿವಿತಮಟೆಗಳ ಹಿಂದೆ ನೀರು ನಿಂತಿದೆ, ಮೆಲುದನಿಗಳು ಅವನಿಗೆ ಸರಿಯಾಗಿ ಕೇಳುತ್ತಲೇ ಇಲ್ಲ ಎಂದು ತಿಳಿಯಿತು. ಬಹಳಷ್ಟು ಮಕ್ಕಳಲ್ಲಿ ಅದು ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆಂದು ವೈದ್ಯರು ಕಾದು ನೋಡಿದರು. ನಮ್ಮವನಿಗೆ ಇಂಗಲಿಲ್ಲ, ಪುಟ್ಟ ಕೊಳವೆ ಕೂರಿಸಬೇಕಾಯಿತು. ಮನೆಗೆ ಬರುವ ದಾರಿಯಲ್ಲಿ ಅವನು ಸ್ಕೂಟರಿನ ಇಂಡಿಕೇಟರನ್ನು ತೋರಿಸಿ, ಇದು ಟಿಕ್ ಟಿಕ್ ಎನ್ನುತ್ತಿದೆ ಎಂದ. ಆ ಸ್ಕೂಟರಿನ ಮೇಲೆ ಅವನು ಹುಟ್ಟಿದಾಗಿನಿಂದಲೂ ಓಡಾಡಿದ್ದ.

ಬಾಂದ್ರಾದಿಂದ ಒಬ್ಬ ವಾಕ್ ಚಿಕಿತ್ಸಕಿ

ಮುಲುಂಡಿನ ತಾಯಿಯವರೇ, ನಮ್ಮ ವರ್ಣಮಾಲೆ ‘ಕ’ದಿಂದ ಆರಂಭವಾದರೂ ಮಗುವಿನ ಬಾಯಿ ‘ಪ, ಬ, ಮ’ಗಳಿಂದ ಆರಂಭಿಸುತ್ತದೆ, ತುಟಿಯ ಚಲನೆ ಕಣ್ಣಿಗೆ ಕಾಣುತ್ತದೆ, ಮಾಡಲೂ ಸುಲಭ. ‘ತ’ಕ್ಕೆ ನಾಲಿಗೆಯ ತುದಿ ಹಲ್ಲನ್ನು ಮುಟ್ಟಿದರೆ ಸಾಕು. ‘ಕ’ಕ್ಕೆ ಅದರ ಹಿಂಭಾಗ ಮೇಲೆದ್ದು ಮೃದು ತಾಲುವನ್ನು ಮುಟ್ಟಬೇಕು, ಅದು ಯಾರ ಬಾಯಲ್ಲೂ ಮಗುವಿಗೆ ಕಾಣುವುದಿಲ್ಲ. ಈ ಬಗೆಯ ಅದಲುಬದಲು ಸಾಮಾನ್ಯವಾಗಿ ಮೂರೂವರೆ ವರ್ಷದ ಆಸುಪಾಸಿನಲ್ಲಿ ಬಿಟ್ಟುಹೋಗುತ್ತದೆ. ‘ರ’, ‘ಷ’ ಮತ್ತು ಒತ್ತಕ್ಷರಗಳು ಇನ್ನೂ ತಡ. ಡೊಂಬಿವಲಿಯ ಮಗು ಕಾಲು ಅಪ್ಪಳಿಸಿದ್ದು ನಮ್ಮ ಕ್ಷೇತ್ರದಲ್ಲಿ ಪ್ರಸಿದ್ಧವಾದ ಸಂಗತಿ. ಮೀನಿಗೆ ‘ಫಿಶ್’ ಎನ್ನಲಾಗದೆ ‘ಫಿಸ್’ ಎನ್ನುತ್ತಿದ್ದ ಮಗು, ದೊಡ್ಡವರು ‘ಫಿಸ್’ ಎಂದಾಗ ಒಪ್ಪದೆ, ‘ಫಿಶ್’ ಎಂದಾಗ ಮಾತ್ರ ಒಪ್ಪಿದ್ದನ್ನು ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ 1960ರಲ್ಲಿಯೇ ದಾಖಲಿಸಿದ್ದಾರೆ. ಆದ್ದರಿಂದ ತೊದಲನ್ನು ಅನುಕರಿಸಿದರೆ ಮಗುವಿಗೆ ಅದು ತನ್ನ ಮಾತಿನಂತೆ ಕೇಳುವುದೇ ಇಲ್ಲ, ನಿಮ್ಮ ತಪ್ಪಿನಂತೆ ಕೇಳುತ್ತದೆ.

ಟೀಚರ್ ಅವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಾಲ್ಕು ಭಾಷೆ ಕೇಳುವುದರಿಂದ ಉಚ್ಚಾರದೋಷ ಹುಟ್ಟುವುದಿಲ್ಲ, ‘ಕ’ ಮತ್ತು ‘ಗ’ ಆ ನಾಲ್ಕರಲ್ಲಿಯೂ ಇವೆ. ಶಾಲೆಯ ಹಿಂದಿ ಬಲವಾದ ಮಕ್ಕಳು ‘ಬಾಳೆಹಣ್ಣ’ನ್ನು ‘ಬಾಲೆಹಣ್ಣು’ ಎನ್ನುವುದು ತೊದಲಲ್ಲ, ಬಳಕೆಯ ಕೊರತೆ. ಅದಕ್ಕೆ ಮದ್ದು ಮನೆಯಲ್ಲಿ ಇನ್ನಷ್ಟು ಕನ್ನಡ. ಮೂರು ವರ್ಷದ ಮಗುವಿನ ಮಾತು ಹೊರಗಿನವರಿಗೂ ಬಹುಮಟ್ಟಿಗೆ ತಿಳಿಯುವಂತಿರಬೇಕು. ಹಾಗಿಲ್ಲದಿದ್ದರೆ, ಅಥವಾ ವಾಸ್ಕೋದ ತಾಯಿ ಹೇಳಿದ ಲಕ್ಷಣಗಳಿದ್ದರೆ, ಕಾಯದೆ ಶ್ರವಣ ಪರೀಕ್ಷೆ ಮಾಡಿಸಿ. ಇಲ್ಲಿ ಬಾಂದ್ರಾ ಪಶ್ಚಿಮದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಈ ಕೆಲಸಕ್ಕೆಂದೇ ಇದೆ. ವಿಡಿಯೋ ತೆಗೆಯಬೇಡಿ ಎನ್ನಲಾರೆ, ನನ್ನ ಬಳಿಯೂ ನನ್ನ ಮಗಳದು ಇದೆ. ಮಗುವಿಗೆ ಗೊತ್ತಾಗದಂತೆ ತೆಗೆದು ಮನೆಯೊಳಗೇ ಇಟ್ಟುಕೊಳ್ಳಿ, ಹೇಳಿಸಿ ತೆಗೆಯಬೇಡಿ.

ಮುಲುಂಡಿನ ತಾಯಿ, ಮೂರು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಕಿವಿ ಸರಿಯಾಗಿದೆ ಎಂದರು. ಡೊಂಬಿವಲಿಯ ಅಜ್ಜನವರ ಕಟ್ಟಳೆಯನ್ನು ಅತ್ತೆಯವರಿಗೆ ಓದಿ ಹೇಳಿದೆ. ದನಪತಿಯ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಸೆರಗಿನ ಮಾತಿಗೆ ಬಂದಾಗ ಏನೂ ಹೇಳದೆ ಎದ್ದು ಹೋದರು. ಮರುದಿನ ನಾದಿನಿ ಫೋನ್ ಮಾಡಿ ‘ತಾದೆ’ ಹೇಳಿಸು ಎಂದಾಗ, ‘ಮಗು ಮಲಗಿದೆ’ ಎಂದು ಇಟ್ಟುಬಿಟ್ಟವರು ಅವರೇ. ಮಗು ಅವರ ಪಕ್ಕದಲ್ಲೇ ಅವಲಕ್ಕಿ ತಿನ್ನುತ್ತಿತ್ತು. ನಿನ್ನೆ ಬಾಲ್ಕನಿಯ ಕಂಬಿಯ ಮೇಲೆ ಕಾಗೆ ಬಂದು ಕೂತಾಗ ಅವಳು ‘ಕಾದೆ’ ಎಂದಳು. ‘ಗ’ ಇನ್ನೂ ಬಂದಿಲ್ಲ.